18 ನಿಮಿಷದಲ್ಲಿ ಮುಳುಗಿದ ಲುಸಿಟೇನಿಯಾ

1915ರ ಮೇ 7, ಶುಕ್ರವಾರ. ಮೊದಲ ಮಹಾಯುದ್ಧದ ಕಾಲ. ಐರ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಬೆಳಗಿನ ಮಂಜು ಕರಗಿ ಬಿಸಿಲು ಬಿದ್ದಿತ್ತು. ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟಿದ್ದ ಲುಸಿಟೇನಿಯಾ ಹಡಗಿನಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಿತ್ತು. 2 ಗಂಟೆ 10 ನಿಮಿಷಕ್ಕೆ ಜರ್ಮನಿಯ ಯು-20 ಜಲಾಂತರ್ಗಾಮಿ ಸುಮಾರು 700 ಮೀಟರ್ ದೂರದಿಂದ ಬಿಟ್ಟ ಒಂದೇ ಒಂದು ಟಾರ್ಪಿಡೊ ಅದರ ಬಲಮಗ್ಗುಲಿಗೆ ಬಡಿಯಿತು. 2.28ರ ಹೊತ್ತಿಗೆ ಹಡಗು ನೀರಿನಡಿ ಸೇರಿತ್ತು. ಸುಮಾರು 1,960 ಜನರಲ್ಲಿ ಸುಮಾರು 1,200 ಮಂದಿ ಸತ್ತರು.

ಮೂರು ವರ್ಷ ಮುಂಚೆ ಟೈಟಾನಿಕ್ ಮುಳುಗಲು 2 ಗಂಟೆ 40 ನಿಮಿಷ ಹಿಡಿದಿತ್ತು. ಇದಕ್ಕೇಕೆ ಇಷ್ಟು ಅವಸರ?

ಉತ್ತರದ ದೊಡ್ಡ ಪಾಲು ಇರುವುದು ಕಲ್ಲಿದ್ದಲಿನ ಉಗ್ರಾಣಗಳಲ್ಲಿ. ಯುದ್ಧ ಬಂದರೆ ನೌಕಾಪಡೆಗೂ ಒದಗಬೇಕೆಂಬ ಕರಾರಿನ ಮೇಲೆ, ಬ್ರಿಟಿಷ್ ಸರ್ಕಾರದ ಸಾಲದಿಂದ ಕಟ್ಟಿದ ಹಡಗು ಅದು. ಹಾಗಾಗಿ ಬಾಯ್ಲರ್ ಕೋಣೆಗಳ ಎರಡೂ ಬದಿಗೆ ಉದ್ದಕ್ಕೂ ಉಗ್ರಾಣಗಳನ್ನಿಟ್ಟಿದ್ದರು. ಶತ್ರುವಿನ ಗುಂಡು ತಾಕಿದರೆ ಇದ್ದಲಿನ ರಾಶಿಯೇ ಗುರಾಣಿ. ಆದರೆ ಟಾರ್ಪಿಡೊ ಬಡಿಯುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಆರು ದಿನದ ಪಯಣದಲ್ಲಿ ಇದ್ದಲು ಬಹುಪಾಲು ಉರಿದುಹೋಗಿ ಉಗ್ರಾಣಗಳಲ್ಲಿ ಜಾಗ ಬರಿದಾಗಿತ್ತು. ಒಳನುಗ್ಗಿದ ಸಮುದ್ರ ಹಡಗಿನ ಅಗಲಕ್ಕೆ ಹರಡದೆ ಬಲಬದಿಯಲ್ಲೇ ತುಂಬಿಕೊಂಡಿತು. ಹರಿಗೋಲಿನಲ್ಲಿ ಎಲ್ಲರೂ ಒಂದೇ ಮಗ್ಗುಲಿಗೆ ಕೂತಂತಾಯಿತು. ನಿಮಿಷಗಳಲ್ಲೇ 240 ಮೀಟರ್ ಉದ್ದದ ಹಡಗು ಸುಮಾರು 15 ಡಿಗ್ರಿ ವಾಲಿತು. ಬಿಸಿಲಿಗೆಂದು ತೆರೆದಿಟ್ಟ ಗುಂಡು ಕಿಟಕಿಗಳು ನೀರಿಗೆ ಹೊಸ ದಾರಿಗಳಾದವು.

ಆ ವಾಲುವಿಕೆಯೇ ಜನರ ಪ್ರಾಣಕ್ಕೆ ಎರವಾಯಿತು. ಜೀವರಕ್ಷಕ ದೋಣಿಗಳಿಗೆ ಕೊರತೆ ಇರಲಿಲ್ಲ, 48 ಇದ್ದವು. ಆದರೆ ಎಡಗಡೆಯವು ಒಳಕ್ಕೆ ತೂಗಿ ಹಡಗಿನ ಮೈಗೆ ಒರಗಿದವು. ಬಲಗಡೆಯವು ಕಾಲಿಟ್ಟು ಹತ್ತಲಾರದಷ್ಟು ದೂರಕ್ಕೆ ಜೋತಾಡಿದವು. ಹಬೆಯ ಒತ್ತಡ ಇಳಿದುಹೋಗಿ ಕ್ಯಾಪ್ಟನ್ ವಿಲಿಯಂ ಟರ್ನರ್ ಅವರಿಗೆ ಹಡಗನ್ನು ನಿಲ್ಲಿಸಲೂ ಆಗಲಿಲ್ಲ, ತಿರುಗಿಸಲೂ ಆಗಲಿಲ್ಲ. ಮುಂದೆ ಸಾಗುತ್ತಲೇ ಇದ್ದ ಹಡಗಿನಿಂದ ಇಳಿಸಿದ ದೋಣಿಗಳು ಮಗುಚಿದವು. ಸರಿಯಾಗಿ ತೇಲಿದ್ದು ಆರು ಮಾತ್ರ.

ಇದರ ಜೊತೆಗೆ ಒಂದು ಒಗಟೂ ಇದೆ. ಟಾರ್ಪಿಡೊ ಬಡಿದ ಕೆಲವೇ ಕ್ಷಣಗಳಲ್ಲಿ ಎರಡನೆಯ, ಇನ್ನೂ ದೊಡ್ಡ ಸ್ಫೋಟ ಕೇಳಿಸಿತು. ಯು-20ರ ನಾಯಕ ವಾಲ್ಟರ್ ಶ್ವೀಗರ್ ತನ್ನ ದಿನಚರಿಯಲ್ಲಿ ಇದನ್ನು ದಾಖಲಿಸಿದ್ದಾನೆ. ಅವನು ಹಾರಿಸಿದ್ದು ಒಂದೇ. ಹಡಗಿನ ಸರಕಿನಲ್ಲಿ ಸುಮಾರು 42 ಲಕ್ಷ ಬಂದೂಕಿನ ತೋಟಾಗಳಿದ್ದುದರಿಂದ ಅವೇ ಸಿಡಿದವೆಂದು ಹಲವರು ನಂಬಿದರು. 1993ರಲ್ಲಿ ಯಂತ್ರಗಳನ್ನಿಳಿಸಿ ಅವಶೇಷ ಪರಿಶೀಲಿಸಿದ ರಾಬರ್ಟ್ ಬಲ್ಲಾರ್ಡ್, ಸಿಡಿಮದ್ದಿನ ಕೋಣೆ ಒಳಗಿನಿಂದ ಒಡೆದ ಗುರುತಿಲ್ಲವೆಂದರು. ಉಗ್ರಾಣದ ಇದ್ದಲ ಪುಡಿ ಗಾಳಿಗೆದ್ದು ಕಿಡಿ ತಾಗಿ ಸ್ಫೋಟಿಸಿರಬಹುದೆಂಬುದು ಅವರ ಊಹೆ. ಬಿಸಿ ಬಾಯ್ಲರಿಗೋ ಹಬೆಯ ಕೊಳವೆಗೋ ತಣ್ಣೀರು ತಾಗಿ ಒಡೆದಿರಬೇಕೆಂಬುದು ಇನ್ನು ಕೆಲವರ ವಾದ.

ಹಡಗು ಇಂದಿಗೂ ಸುಮಾರು 90 ಮೀಟರ್ ಆಳದಲ್ಲಿ ಬಲಮಗ್ಗುಲಾಗಿ ಮಲಗಿದೆ. ಟಾರ್ಪಿಡೊ ಬಡಿದದ್ದೂ ಅದೇ ಮಗ್ಗುಲಿಗೆ. ಆ ಗಾಯ ಸಾವಿರಾರು ಟನ್ ಉಕ್ಕಿನಡಿ, ಕಡಲ ಮಣ್ಣಿಗೆ ಒತ್ತಿಕೊಂಡಿದೆ.