ನೂರು ತುಂಬುವ ತನಕ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಗಳಲ್ಲಿ ಸ್ಕೂಟರ್ ನಿಲ್ಲಿಸಲೇ ಜಾಗವಿಲ್ಲ. ಹಲಸೂರಿನ ಹಳೇ ಬೀದಿಗಳೂ ಹೀಗೆಯೇ. ರಾತ್ರಿ ಎಲೆಕ್ಟ್ರಿಕ್ ಕಾರನ್ನು 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ ಬೆಳಿಗ್ಗೆ ತೆಗೆಯುವ ಅನುಕೂಲ ಇಂದಿರಾನಗರದ ಕಾಂಪೌಂಡ್ ಇರುವ ಮನೆಗಳಿಗೆ ಉಂಟು. ಮಿಕ್ಕವರು, ಅದರಲ್ಲೂ ಕ್ಯಾಬ್ ಓಡಿಸುವವರು, ಫಾಸ್ಟ್ ಚಾರ್ಜರ್ ಹುಡುಕಿಕೊಂಡೇ ಹೋಗಬೇಕು.

ಹಳೇ ಮದ್ರಾಸ್ ರಸ್ತೆಯ ಪಕ್ಕದ ಅಂಥದ್ದೊಂದು ಚಾರ್ಜರ್ ಮುಂದೆ ನಿಂತಿದ್ದೇನೆ. 60 ಕಿಲೋವಾಟ್, ಎರಡು ಗನ್. ದಪ್ಪ ಕೇಬಲ್ಲು ಕೈಗೆ ಭಾರ, ಮುಟ್ಟಿದರೆ ಬೆಚ್ಚಗಿದೆ. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರದ ಕ್ಯಾಬ್ ಒಂದು ಚಾರ್ಜ್ ಆಗುತ್ತಿದೆ. ಬ್ಯಾಟರಿ ಅರ್ಧವಿದ್ದಾಗ ಪರದೆ 40 ಕಿಲೋವಾಟಿನ ಮೇಲೆ ತೋರಿಸುತ್ತಿತ್ತು. ಚಾರ್ಜ್ ಶೇಕಡ 80 ದಾಟಿದ್ದೇ ಕಿಲೋವಾಟಿನ ಅಂಕಿ ಇಳಿಯತೊಡಗಿತು. 95ರ ಹತ್ತಿರ ಒಂದಂಕಿಗೆ ಬಂತು. ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಬ್ಬ ಚಾಲಕರು ಹೇಳಿದರು: “ನಾನು ಎಂಬತ್ತಕ್ಕೆ ಗನ್ ಕಿತ್ತುಬಿಡ್ತೀನಿ ಸರ್. ಮಿಕ್ಕ ಇಪ್ಪತ್ತಕ್ಕೆ ಕೂತ್ರೆ ಒಂದು ಟ್ರಿಪ್ಪೇ ಹೋಗುತ್ತೆ.”

ಇದು ಚಾರ್ಜರಿನ ದೋಷವಲ್ಲ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ಒಳಗೆ ಸೇರಿಕೊಳ್ಳಬೇಕು. ಖಾಲಿ ಬಸ್ಸಿಗೆ ಜನ ಸರಸರನೆ ಹತ್ತುತ್ತಾರೆ, ತುಂಬಿದ ಬಸ್ಸಿನಲ್ಲಿ ಒಬ್ಬೊಬ್ಬರೇ ಜಾಗ ಮಾಡಿಕೊಳ್ಳಬೇಕು, ಇದೂ ಹಾಗೆಯೇ. ಬಲವಂತವಾಗಿ ತುಂಬಿದರೆ ಲಿಥಿಯಂ ಒಳಹೋಗದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತದೆ. ಅದರಿಂದ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ, ಮಿತಿಮೀರಿದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಅದಕ್ಕೇ ಸೆಲ್ಲಿನ ವೋಲ್ಟೇಜ್ ಮಿತಿ ಮುಟ್ಟಿದೊಡನೆ ಕಾರಿನೊಳಗಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆ (ಬಿಎಂಎಸ್) ಕರೆಂಟನ್ನು ತಾನೇ ತಗ್ಗಿಸುತ್ತದೆ. ಕಂಪನಿಗಳು ಜಾಹೀರಾತಿನಲ್ಲಿ ಫಾಸ್ಟ್ ಚಾರ್ಜಿಂಗ್ ಸಮಯವನ್ನು ಬಹುತೇಕ 80ರವರೆಗೆ ಮಾತ್ರ ಹೇಳುವುದೂ ಇದಕ್ಕೇ.

2001ರಲ್ಲಿ ಇದೇ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಕಾರಿನ ಸೀಸ-ಆಮ್ಲ ಬ್ಯಾಟರಿಗೆ ಪೂರ್ತಿ ತುಂಬಲು ಸುಮಾರು ಎಂಟು ಗಂಟೆ ಬೇಕಿತ್ತು. ಅಲ್ಲಿಂದ ಬಹಳ ದೂರ ಬಂದಿದ್ದೇವೆ. ಆದರೂ ಎಲೆಕ್ಟ್ರಿಕ್ ಆಟೊದವರಿಗಂತೂ 80 ಸಾಲದು. ಅವರ ಬ್ಯಾಟರಿ ಚಿಕ್ಕದು, ಪ್ರತಿ ಕಿಲೋಮೀಟರಿಗೂ ಬಾಡಿಗೆಯ ಲೆಕ್ಕ. ಅವರ ಕಷ್ಟ ಹಿಡಿದು ಕೆಲಸ ಮಾಡಿದ್ದು 2020ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಎಕ್ಸ್‌ಪೊನೆಂಟ್ ಎನರ್ಜಿ. ಸರಕಿನ ತ್ರಿಚಕ್ರ ವಾಹನವೊಂದರ ಬ್ಯಾಟರಿಯನ್ನು 15 ನಿಮಿಷದಲ್ಲಿ ಸೊನ್ನೆಯಿಂದ ನೂರಕ್ಕೆ ತುಂಬಿ ತೋರಿಸಿದರು. ಚಾರ್ಜರಿನಿಂದಲೇ ತಣ್ಣನೆಯ ನೀರು ಬ್ಯಾಟರಿಯೊಳಗೆ ಹರಿದು ಶಾಖವನ್ನು ಹೊತ್ತೊಯ್ಯುತ್ತದೆ. ಈ ದಾರಿಯೇ ಸರಿ ಎಂದು ನನಗನ್ನಿಸುತ್ತದೆ. ಆದರೆ ಅದಕ್ಕೆ ಬ್ಯಾಟರಿ, ಚಾರ್ಜರ್ ಎರಡೂ ಒಂದೇ ಕಡೆ ತಯಾರಾಗಿರಬೇಕು. ಈಗಿನ ಕಾರುಗಳಿಗೆ ಅದು ಹೊಂದುವುದಿಲ್ಲ.

ಹಳೇ ಮದ್ರಾಸ್ ರಸ್ತೆಯಲ್ಲೇ ಬೈಯಪ್ಪನಹಳ್ಳಿ ಕಡೆ ಸಾಗಿದರೆ ಎನ್‌ಜಿಇಎಫ್ ಜಾಗ ಸಿಗುತ್ತದೆ. 1956ರಲ್ಲಿ ಜರ್ಮನಿಯ ಎಇಜಿ ಸಹಯೋಗದಲ್ಲಿ ಆರಂಭವಾದ ಈ ಸರ್ಕಾರಿ ಕಾರ್ಖಾನೆ ಟ್ರಾನ್ಸ್‌ಫಾರ್ಮರ್ ತಯಾರಿಸುತ್ತಿತ್ತು. ಬಾಗಿಲು ಮುಚ್ಚಿ ಎರಡು ದಶಕ ಕಳೆದಿದೆ. ಇವತ್ತು ಟ್ರಾನ್ಸ್‌ಫಾರ್ಮರ್ ಮಾತು ಮತ್ತೆ ಬಂದಿದೆ: 60 ಕಿಲೋವಾಟಿನ ಒಂದು ಚಾರ್ಜರ್ ಎಂದರೆ 5 ಕಿಲೋವಾಟ್ ಮಂಜೂರಾದ 12 ಮನೆಗಳ ಲೋಡು. ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ಇಕ್ಕಟ್ಟಿನಲ್ಲಿ ಚಾರ್ಜರ್ ಇಡುವವರು ಕಾರು ನಿಲ್ಲಲು ಜಾಗವನ್ನೂ, ಇಷ್ಟು ಲೋಡನ್ನೂ ಎರಡನ್ನೂ ಹೊಂದಿಸಬೇಕು.

ಹಾಗೆಂದು ನೂರು ತುಂಬಿಸುವುದೇ ಬೇಡ ಎಂದಲ್ಲ. ಕೆಲವು ಕಾರುಗಳ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಗೆ ಆಗಾಗ ನೂರು ತುಂಬಿಸಿ ಎಂದು ಕಂಪನಿಯೇ ಹೇಳುತ್ತದೆ. ಚಾರ್ಜ್ ಎಷ್ಟಿದೆ ಎಂಬ ಲೆಕ್ಕ ಸರಿಹೋಗಲು ಅದು ಬೇಕು. ಅದನ್ನು ಮನೆಯಲ್ಲಿ, ರಾತ್ರಿ, ನಿಧಾನವಾಗಿ ಮಾಡಿ. ದೂರ ಹೋಗುವ ಅಗತ್ಯವಿಲ್ಲದಿದ್ದರೆ ರಸ್ತೆಬದಿಯ ಗನ್ ಅನ್ನು 80ಕ್ಕೆ ಬಿಟ್ಟು, ಹಿಂದೆ ಕಾಯುತ್ತಿರುವ ಕ್ಯಾಬಿಗೆ ಜಾಗ ಮಾಡಿಕೊಡಿ.