ಕಾರ್ಡಿನ ಮೇಲೆ ಕೆಂಪು ಚೀಟಿ ಇದ್ದರೆ

ಉಮರ್ಗಾ, ನಿಲಂಗಾ, ಉದಗೀರ ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿನ ನಮ್ಮ ಕನ್ನಡ ಕುಟುಂಬಗಳ ಬೀಗತನಕ್ಕೆ ಗಡಿ ಎಂಬುದಿಲ್ಲ. ಗಂಡನ ಮನೆ ಉಮರ್ಗಾದಲ್ಲಿ, ತವರು ಬಸವಕಲ್ಯಾಣದಲ್ಲಿ. ಇಲ್ಲವೇ ಅತ್ತೆ ಉದಗೀರದವಳು, ತಾಯಿ ಭಾಲ್ಕಿಯವಳು. ಕುಬಸ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವಾಗ ಸೀರೆ, ಬಳೆ, ಬುತ್ತಿ ಎಲ್ಲವೂ ಹೋಗುತ್ತವೆ. ತಪಾಸಣೆಯ ಕಾರ್ಡು ಮಾತ್ರ ಹಿಂದೆಯೇ ಉಳಿಯುತ್ತದೆ.

2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇದೆ. ಅಪಾಯವುಳ್ಳ ಗರ್ಭ ಎಂದು ಕಂಡುಬಂದರೆ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ರಕ್ತದೊತ್ತಡ 140/90 ಮುಟ್ಟಿರಬಹುದು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿರಬಹುದು, ಅವಳಿ ಕೂಸುಗಳಿರಬಹುದು, ಹಿಂದಿನ ಹೆರಿಗೆ ಆಪರೇಷನ್ ಆಗಿರಬಹುದು. ಇದನ್ನು ಬೀಗರಿಂದ ಮುಚ್ಚಿಡಬೇಡಿ. ಇಂಥವಳ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ಅಲ್ಲಿಯವರೆಗಿನ ದಿನನಿತ್ಯದ ಆರೈಕೆ ಮನೆಯವರದೇ.

ತೊಗರಿ ರಾಶಿಯ ದಿನಗಳಲ್ಲಿ ವಿಶ್ರಾಂತಿಯ ಮಾತೆತ್ತಿದರೆ ಅತ್ತೆಯರು ನಗುತ್ತಾರೆ, ನಮಗೆ ಗೊತ್ತು. ಆದರೂ ಮಧ್ಯಾಹ್ನ ಎರಡು ತಾಸು ಎಡಮಗ್ಗುಲಾಗಿ ಮಲಗಲು ಬಿಡಿ. ನೀರಿನ ಕೊಡವನ್ನು ಬೇರೆಯವರು ಹೊರಲಿ, ಗಂಡಸರಿಗೂ ಹೆಗಲಿದೆ. ಕಬ್ಬಿಣದ ಗುಳಿಗೆಯನ್ನು ಚಹಾದೊಂದಿಗೆ ಕೊಡಬೇಡಿ. ಕ್ಯಾಲ್ಸಿಯಂ ಗುಳಿಗೆಗೂ ಅದಕ್ಕೂ ಎರಡು ತಾಸಿನ ಅಂತರವಿರಲಿ. ಗುಳಿಗೆಯಿಂದ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಸುಳ್ಳು. ಮಲ ಕಪ್ಪಗಾಗುವುದು ನಿಜ, ಅದಕ್ಕೆ ಗಾಬರಿ ಬೇಡ. ಹಿತ್ತಲಲ್ಲಿ ಒಂದು ನುಗ್ಗೆ ಗಿಡ, ಒಂದು ಮಡಿ ರಾಜಗಿರಿ ಇದ್ದರೆ ಜೋಳದ ರೊಟ್ಟಿಗೆ ಸೊಪ್ಪಿನ ಪಲ್ಯಕ್ಕೆ ಕೊರತೆಯಿಲ್ಲ. ಮೇಲೆ ನಿಂಬೆ ಹಿಂಡಿ. ಜೊತೆಗೆ ಬೇಳೆ, ಶೇಂಗಾ ಹಿಂಡಿ ಇರಲಿ. ಆದರೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದವಳಿಗೆ ಬರೀ ಸೊಪ್ಪು ಸಾಲದು, ವೈದ್ಯರ ಚಿಕಿತ್ಸೆಯೇ ಬೇಕು. ಒತ್ತಡದ ಮಾತ್ರೆಯನ್ನು "ಈಗ ಆರಾಮಿದ್ದಾಳೆ" ಎಂದು ನಿಲ್ಲಿಸಕೂಡದು.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾತುಕೊಳ್ಳುವುದು, ಎದೆಗೂಡಿನ ಕೆಳಗೆ ನೋವು ಇವು ಒತ್ತಡ ಏರಿದ ಗುರುತು. ರಾತ್ರಿಯಾದರೂ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಫೋನು ಮಾಡಿ. ಅದು ಎರಡೂ ರಾಜ್ಯಗಳಲ್ಲಿದೆ. ರಕ್ತಸ್ರಾವವಾದರೂ, ಕೂಸಿನ ಮಿಸುಕಾಟ ಕಡಿಮೆಯಾದರೂ ಹೀಗೆಯೇ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಉಳ್ಳಾಗಡ್ಡಿ ಮೂಸಿಸುತ್ತಾ ಹೊತ್ತು ಕಳೆಯಬೇಡಿ.

ತವರಿಗೆ ಬಂದ ವಾರದೊಳಗೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಕಾರ್ಡು ತೋರಿಸಿ. ಮರಾಠಿಯಲ್ಲಿದೆ ಎಂದು ಹಿಂಜರಿಯಬೇಡಿ. ಕೆಂಪು ಚೀಟಿ ನೋಡಿದರೆ ಆಕೆಗೆ ತಿಳಿಯುತ್ತದೆ.