ನೆಟ್ಟಣದಲ್ಲಿ ರೈಲಿನ ಬಾಲಕ್ಕೊಂದು ಇಂಜಿನ್

ಕೊಕ್ಕಡಕ್ಕೆ ರೈಲಿಲ್ಲ. ಧರ್ಮಸ್ಥಳದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ನಮ್ಮೂರು ದಾಟಿ, ಪೆರಿಯಶಾಂತಿಯಲ್ಲಿ ಹೆದ್ದಾರಿ ಹಾಯ್ದು, ಮರ್ದಾಳ, ಬಿಳಿನೆಲೆ ಎಂದು ಬಳಸಿಕೊಂಡು ಹೋದರೆ ಸಿಗುವ ನೆಟ್ಟಣವೇ ನಮಗೆ ಸ್ಟೇಷನ್. ಬೋರ್ಡಿನಲ್ಲಿ ಮಾತ್ರ ‘ಸುಬ್ರಹ್ಮಣ್ಯ ರೋಡ್’.

ಒಂದು ಕಾಲಕ್ಕೆ ಈ ಸೀಮೆಯ ಮರಮಟ್ಟು ನೇತ್ರಾವತಿಯಲ್ಲಿ ತೇಲಿ ಮಂಗಳೂರು ಸೇರುತ್ತಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂತು, ಆದರೆ ಕೇರಳದ ಕಡೆಯಿಂದ. ಘಟ್ಟದ ಮೇಲಿನವರಿಗೂ ನಮಗೂ ಹಳಿ ಕೂಡಿದ್ದು 1979ರಲ್ಲಿ, 189 ಕಿಲೋಮೀಟರಿನ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಮುಗಿದಾಗ. ಪಣಂಬೂರಿನ ಬಂದರಿಗೆ ಒಳನಾಡಿನ ಸರಕು ಇಳಿಯಬೇಕಿತ್ತು. ಯಾತ್ರಿಕರಿಗೆ ಆಮೇಲಿನ ಪಾಲು.

ಸಕಲೇಶಪುರದಿಂದ ನೆಟ್ಟಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. ಮಕ್ಕಳು ಕಿಟಕಿಗೆ ಮೂಗೊತ್ತಿ ಸುರಂಗ ಎಣಿಸುತ್ತಾರೆ, ಮೂವತ್ತರ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ನನಗೆ ಕುತೂಹಲ ಬೇರೆ. ಇಲ್ಲಿ 50 ಮೀಟರಿಗೆ 1 ಮೀಟರಿನಷ್ಟು ಏರು. ಶಿರಾಡಿ ಘಾಟಿ ರಸ್ತೆಯ ಲಾರಿಯವರು ಇದಕ್ಕೆ ನಕ್ಕಾರು. ಮಳೆಯಲ್ಲಿ ತೊಯ್ದ ಹಳಿಯ ಮೇಲಿನ ಉಕ್ಕಿನ ಚಕ್ರಕ್ಕೆ ಇದು ನಗುವ ಮಾತಲ್ಲ. ಅದಕ್ಕೇ ಗೂಡ್ಸಿನ ಹಿಂದೆ ನೂಕಲು ಇಂಜಿನ್ ಜೋಡಿಸುತ್ತಾರೆ. ರೈಲ್ವೆಯವರ ಬಾಯಲ್ಲಿ ಅದು ‘ಬ್ಯಾಂಕರ್’.

ಹತ್ತುವುದು ಶಕ್ತಿಯ ಕೆಲಸ. ಇಳಿಯುವುದು ಭಯದ ಕೆಲಸ. ಬ್ರೇಕು ಕಾದು ಕೈಕೊಟ್ಟರೆ? ಎಡಕುಮೇರಿಯಂಥ ನಡುವಿನ ಸ್ಟೇಷನ್ನುಗಳಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಏರಿಗೆ ಹೋಗಿ ನಿಲ್ಲುವ ಕುರುಡು ಹಳಿ ಇರುತ್ತದೆ, ‘ಕ್ಯಾಚ್ ಸೈಡಿಂಗ್’. ಹತೋಟಿ ತಪ್ಪಿದ ರೈಲು ಅದರೊಳಗೆ ನುಗ್ಗಿ, ಏರಿನಲ್ಲಿ ಸುಸ್ತಾಗಿ ನಿಲ್ಲಬೇಕು. ಇಳಿದು ಬರುವ ಗಾಡಿ ಮೊದಲು ನಿಂತು ತೋರಿಸಿದ ಮೇಲಷ್ಟೇ ಅದಕ್ಕೆ ಮುಂದಿನ ದಾರಿ. ಎಡಕುಮೇರಿಯಲ್ಲಿ ರೈಲು ಸುಮ್ಮನೆ ನಿಂತಿತೆಂದು ಗೊಣಗುವವರಿಗೆ ಇದು ಗೊತ್ತಿರಲಿ.

1996ರಲ್ಲಿ ಗೇಜ್ ಬದಲಿಸಲೆಂದು ಘಟ್ಟದ ಹಳಿ ಮುಚ್ಚಿತು. ಬ್ರಾಡ್ ಗೇಜಿನಲ್ಲಿ ಗೂಡ್ಸು ಓಡಿದ್ದು 2006ರಲ್ಲಿ, ಪ್ರಯಾಣಿಕರು ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಬೆಂಗಳೂರೆಂದರೆ ನಮಗೆ ರಾತ್ರಿ ಬಸ್ಸು, ಶಿರಾಡಿಯ ಹೊಂಡ. ಗುಡ್ಡ ಮಾತ್ರ ಇನ್ನೂ ಒಪ್ಪಿಲ್ಲ: 2024ರ ಜುಲೈಯಲ್ಲೂ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ರೈಲು ದಿನಗಟ್ಟಲೆ ನಿಂತಿತು.

ನೆಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳಬೇಕು. ಮುಂದಿನ ಇಂಜಿನ್ ಕೂಗುತ್ತದೆ. ಕೊಂಚ ತಡೆದು, ಕಣ್ಣಿಗೆ ಕಾಣದಷ್ಟು ಹಿಂದಿನಿಂದ, ಬ್ಯಾಂಕರ್ ಓಗೊಡುತ್ತದೆ. ಆಮೇಲೆ ಕೊಂಡಿಗಳು ಒಂದೊಂದಾಗಿ ಬಿಗಿಯುವ ಸದ್ದು, ಗಾಡಿಯುದ್ದಕ್ಕೂ.